ಸತ್ತ ಸೆಲ್ಲಿನಲ್ಲಿ ಇನ್ನೂ ಜೀವ ಉಂಟು!

ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟು ಹೋಗುವುದೆಂದರೆ ಸುದ್ದಿಯಲ್ಲ. ಕಳೆದ ಆಟಿಯಲ್ಲಿ ಲೈನಿನ ಮೇಲೆ ಮರ ಬಿದ್ದು ನಾಲ್ಕು ದಿನ ಕತ್ತಲು. ಇನ್ವರ್ಟರು ಎರಡನೇ ದಿನ ಬೆಳಿಗ್ಗೆ ಕೂಗಿ ಸುಮ್ಮನಾಯಿತು. ಮೊಬೈಲುಗಳು ಅದೇ ಸಂಜೆ. ಚಾರ್ಜು ಮಾಡುವ ಟಾರ್ಚು ಎರಡಿತ್ತು. ಒಂದನ್ನು ನಾನು ಹಟ್ಟಿಗೆ, ತೋಟಕ್ಕೆ ಹಿಡಿದುಕೊಂಡು ಹೋಗಿ ಮುಗಿಸಿದ್ದೆ. ಇನ್ನೊಂದು ಅಮ್ಮನ ತಲೆದಿಂಬಿನ ಹತ್ತಿರ.

ಮೂರನೇ ರಾತ್ರಿ ಅಮ್ಮ ಬಚ್ಚಲಿಗೆಂದು ಎದ್ದರು. 82 ವರ್ಷ. ಟಾರ್ಚು ಒತ್ತಿದರು, ಹೊತ್ತಿತು. ಬಾಗಿಲಿನವರೆಗೆ ಬಂದಾಗ ಫಕ್ಕನೆ ಆರಿತು. ಹಳೇ ಕಾಲದ ಟಾರ್ಚಾದರೆ ಕೆಂಪಾಗಿ, ಮಂಕಾಗಿ, 'ನನ್ನ ಕತೆ ಮುಗೀತು' ಎಂದು ಎರಡು ದಿನ ಮೊದಲೇ ಹೇಳುತ್ತಿತ್ತು. ಈಗಿನದ್ದಕ್ಕೆ ಆ ಮರ್ಯಾದೆ ಇಲ್ಲ. ಉರಿಯುವಷ್ಟು ಹೊತ್ತು ಜೋರು, ಆಮೇಲೆ ಸೊನ್ನೆ. ಅಮ್ಮ ಹೊಸ್ತಿಲು ಎಡವಿ ಬಿದ್ದರು. ಬಲಗೈ ಮಣಿಕಟ್ಟಿನ ಎಲುಬು ಬಿರಿದು ಆರು ವಾರ ಪ್ಲಾಸ್ಟರು.

ಆ ರಾತ್ರಿ ನನ್ನ ಮೇಜಿನಡಿ ಒಂದು ಬಿಸ್ಕಿಟಿನ ತಗಡಿನ ಡಬ್ಬಿಯಲ್ಲಿ 23 ಸೆಲ್ಲು ಇತ್ತು. ಎಲ್ಲ 'ಸತ್ತವು'. ಗೋಡೆ ಗಡಿಯಾರದ್ದು, ಟಿ.ವಿ. ರಿಮೋಟಿನದ್ದು, ಹೆಚ್ಚಿನವು ಅಮ್ಮನ ಬಿ.ಪಿ. ನೋಡುವ ಯಂತ್ರದ್ದು. ಅಂಗಳದಾಚೆ ಎಸೆಯಲು ಮನಸ್ಸು ಬಾರದೆ, ಎಲ್ಲಿ ಕೊಡಬೇಕೆಂದು ತಿಳಿಯದೆ, ವರ್ಷಗಳಿಂದ ಕೂಡಿಟ್ಟದ್ದು.

ಸತ್ತದ್ದು ಹೌದಾ?

ಅಮ್ಮನನ್ನು ನೋಡಲು ಬಂದ ತಂಗಿಯ ಮಗ ಡಿಪ್ಲೊಮಾ ಓದುತ್ತಿದ್ದಾನೆ. ಡಬ್ಬಿ ಅವನ ಕಣ್ಣಿಗೆ ಬಿತ್ತು.

'ಮಾವ, ಇದೆಲ್ಲ ಎಂತಕ್ಕೆ ಇಟ್ಟದ್ದು?'

'ಬಿಸಾಡ್ಲಿಕ್ಕೆ ಜಾಗ ಇಲ್ಲದೆ.'

'ಇದ್ರಲ್ಲಿ ಇನ್ನೂ ಜೀವ ಉಂಟು. ಮೀಟರು ತನ್ನಿ.'

ಪಂಪಿನ ಸ್ಟಾರ್ಟರು ಪರೀಕ್ಷೆಗೆಂದು ಕೊಂಡ ಡಿಜಿಟಲ್ ಮೀಟರು ಮನೆಯಲ್ಲಿತ್ತು. ಒಂದೊಂದೇ ಸೆಲ್ಲಿಗೆ ಹಿಡಿದೆವು. ಹೊಸ ಪೆನ್ಸಿಲ್ ಸೆಲ್ಲು 1.5 ವೋಲ್ಟಿಗಿಂತ ತುಸು ಮೇಲೆ ತೋರಿಸುತ್ತದೆ. ಬಿ.ಪಿ. ಯಂತ್ರದಿಂದ ತೆಗೆದವು 1.2ರಿಂದ 1.3. ಗಡಿಯಾರ ನಿಲ್ಲಿಸಿದ ಸೆಲ್ಲು 1.1ರ ಆಸುಪಾಸು. ರಿಮೋಟಿನವು ಕೆಲವು 1.2, ಕೆಲವು 1. ನಿಜವಾಗಿ ಹೋದದ್ದು ಐದು ಮಾತ್ರ. ಅವುಗಳ ಬುಡದಲ್ಲಿ ನೀರು ಒಸರಿ ಬಿಳಿ ಹುಡಿ ಕಟ್ಟಿತ್ತು.

ಬಿ.ಪಿ. ಯಂತ್ರ ಕೈಪಟ್ಟಿಗೆ ಗಾಳಿ ತುಂಬಬೇಕು, ಅದರೊಳಗೆ ಪುಟ್ಟ ಮೋಟಾರುಂಟು. ನಾಲ್ಕು ಸೆಲ್ಲು ಸೇರಿ ಅದಕ್ಕೆ ಬೇಕಾದಷ್ಟು ವೋಲ್ಟೇಜು ಬಾರದಿದ್ದರೆ 'ಬದಲಿಸಿ' ಎಂದು ಚಿತ್ರ ತೋರಿಸುತ್ತದೆ. ಅಂದರೆ ಈ ಕೆಲಸಕ್ಕೆ ನಾಲಾಯಕ್ಕು ಎಂದಷ್ಟೇ. ತೋಟದ ಕೆಲಸಕ್ಕಾಗದ ಹಿರಿಯರು ಜಗಲಿಯಲ್ಲಿ ಕೂತು ಅಡಿಕೆ ಸುಲಿಯುವುದಿಲ್ಲವೇ, ಹಾಗೆ.

ಒಂದು ಎಚ್ಚರಿಕೆ. ಮೀಟರು ತೋರಿಸುವುದು ಸೆಲ್ಲು ಸುಮ್ಮನೆ ಮಲಗಿದ್ದಾಗಿನ ವೋಲ್ಟೇಜು. ನಮ್ಮ ಬೋರ್‌ವೆಲ್ಲಿನ ಹಾಗೆಯೇ ಇದು. ಪಂಪು ನಿಂತಿರುವಾಗ ನೀರು 60 ಅಡಿಯಲ್ಲಿ ಕಾಣುತ್ತದೆ, ಪಂಪು ಹಾಕಿದ ಕೂಡಲೇ ಕೆಳಗಿಳಿಯುತ್ತದೆ. ಹಳೇ ಸೆಲ್ಲಿನಿಂದ ಹೆಚ್ಚು ಎಳೆದರೆ ಕುಸಿಯುತ್ತದೆ, ನಿಧಾನ ಎಳೆದರೆ ಕೊಡುತ್ತದೆ. ಅಪ್ಪಯ್ಯ ಟಾರ್ಚಿನ ಸೆಲ್ಲನ್ನು ಬಿಸಿಲಿಗಿಟ್ಟು ಇನ್ನೆರಡು ದಿನ ಓಡಿಸುತ್ತಿದ್ದರು. ಬಿಸಿಗೆ ಒಳಗಿನ ರಾಸಾಯನಿಕ ಕ್ರಿಯೆ ಚುರುಕಾಗಿ ತುಸು ಹೊತ್ತು ಚೇತರಿಕೆ, ಅಷ್ಟೇ. ಆದರೆ ಸೆಲ್ಲು ಪೂರ್ತಿ ಖಾಲಿಯಾಗಿಲ್ಲ ಎಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು.

ಹಾಗಾದರೆ ಒಂದು ಸೆಲ್ಲಿಗೆ ಬಿಳಿ ಎಲ್.ಇ.ಡಿ. ಸಿಕ್ಕಿಸಿದರಾಯಿತಲ್ಲ? ಆಗುವುದಿಲ್ಲ. ಬಿಳಿ ಎಲ್.ಇ.ಡಿ. ಎಂದರೆ ಒಳಗಿರುವುದು ನೀಲಿ ಎಲ್.ಇ.ಡಿ., ಮೇಲೆ ಹಳದಿ ಲೇಪ. ಜಪಾನಿನ ಶುಜಿ ನಕಮುರ 1993ರಲ್ಲಿ ಪ್ರಕಾಶಮಾನ ನೀಲಿ ಎಲ್.ಇ.ಡಿ. ಮಾಡಿ ತೋರಿಸಿದ ಮೇಲೆಯೇ ನಮಗೆ ಬಿಳಿ ಬೆಳಕು ಸಿಕ್ಕಿದ್ದು. ಅವರಿಗೂ ಇನ್ನಿಬ್ಬರಿಗೂ 2014ರಲ್ಲಿ ನೊಬೆಲ್ ಬಂತು. ಇದು ಚೆನ್ನಾಗಿ ಉರಿಯಲು 3 ವೋಲ್ಟಿನ ಮೇಲೆ ಬೇಕು. ಎರಡೂವರೆಗಿಂತ ಕೆಳಗೆ ಮಿಣುಕುವುದೂ ಇಲ್ಲ. ಹೊಸ ಸೆಲ್ಲಾದರೂ ಒಂದರಿಂದ ಹೊತ್ತದು. ಸತ್ತದ್ದರ ಮಾತೆಲ್ಲಿ!

ತೋಡಿನ ನೀರು ಗುಡ್ಡೆ ಹತ್ತಿದ ಹಾಗೆ

ಇಲ್ಲಿಗೆ ಅಳಿಯನ ಪಾಠ ಶುರುವಾಯಿತು. ಕಾಯಿಲು, ಟ್ರಾನ್ಸಿಸ್ಟರು, ಬೇಸು ಎಂದು ಅವನು ಕಾಗದದಲ್ಲಿ ಗೀಚಿದ. ನನ್ನ ತಲೆಗೆ ಹೋಗಲಿಲ್ಲ. ಕೊನೆಗೆ 'ಮಾವ, ಹೈಡ್ರಾಮ್ ನೋಡಿದ್ದೀರಲ್ಲ, ಅದೇ ಇದು' ಎಂದ. ಆಗ ದೀಪ ಹೊತ್ತಿತು.

ಹೈಡ್ರಾಮ್ ನಮ್ಮ ಕಡೆ ಕೆಲವರ ತೋಟದಲ್ಲಿ ಉಂಟು. ಕರೆಂಟೂ ಬೇಡ, ಡೀಸೆಲೂ ಬೇಡ. ತೋಡಿನ ನೀರು ಇಳಿಜಾರು ಪೈಪಿನಲ್ಲಿ ರಭಸದಿಂದ ಇಳಿದು ಒಂದು ವಾಲ್ವಿನ ಮೂಲಕ ಹೊರಗೆ ಚೆಲ್ಲುತ್ತಿರುತ್ತದೆ. ವೇಗ ಏರಿದಾಗ ಆ ನೀರೇ ವಾಲ್ವನ್ನು ದಡಕ್ಕನೆ ಮುಚ್ಚುತ್ತದೆ. ಓಡುತ್ತಿದ್ದ ನೀರಿಗೆ ಒಮ್ಮೆಗೇ ನಿಲ್ಲಲಾಗುವುದಿಲ್ಲ. ಒತ್ತಡ ಏರಿ, ಇನ್ನೊಂದು ವಾಲ್ವನ್ನು ನೂಕಿಕೊಂಡು ಸ್ವಲ್ಪ ನೀರು ಮೇಲಿನ ಪೈಪಿಗೆ ಹೋಗುತ್ತದೆ. ಒತ್ತಡ ಇಳಿದೊಡನೆ ಮೊದಲ ವಾಲ್ವು ತೆರೆಯುತ್ತದೆ. ಪುನಃ ಅದೇ. ಟಕ್, ಟಕ್, ಟಕ್. ಕೆಲವೇ ಅಡಿ ಇಳಿದ ನೀರಿನ ಒಂದು ಪಾಲು ಅದರ ಎಷ್ಟೋ ಪಾಲು ಎತ್ತರಕ್ಕೆ ಹತ್ತುತ್ತದೆ. ಹೆಚ್ಚಿನ ನೀರು ಚೆಲ್ಲಿಹೋಗುತ್ತದೆ ನಿಜ, ಆದರೆ ಗುಡ್ಡೆ ಮೇಲಿನ ಟ್ಯಾಂಕಿ ತುಂಬುತ್ತದೆ. ಫ್ರಾನ್ಸಿನ ಮೊಂಗೋಲ್ಫಿಯೆ ಇದನ್ನು ಮಾಡಿದ್ದು 1796ರಲ್ಲಿ. ಬಿಸಿಗಾಳಿಯ ಬಲೂನು ಹಾರಿಸಿದ ಅಣ್ಣತಮ್ಮಂದಿರಲ್ಲಿ ಒಬ್ಬ.

ಈಗ ನೀರಿನ ಜಾಗದಲ್ಲಿ ಕರೆಂಟು ಇಡಿ. ಇಳಿಜಾರು ಪೈಪು ಎಂದರೆ ತಂತಿ ಸುತ್ತಿದ ಕಾಯಿಲು. ದಡಕ್ಕನೆ ಮುಚ್ಚುವ ವಾಲ್ವು ಟ್ರಾನ್ಸಿಸ್ಟರು. ಮೇಲೆ ಹೋಗುವ ವಾಲ್ವು ಎಲ್.ಇ.ಡಿ. ಕಾಯಿಲಿನಲ್ಲಿ ಓಡುತ್ತಿದ್ದ ಕರೆಂಟನ್ನು ಟ್ರಾನ್ಸಿಸ್ಟರು ಫಕ್ಕನೆ ತಡೆದಾಗ ವೋಲ್ಟೇಜು ಜಿಗಿದು ಎಲ್.ಇ.ಡಿ.ಯನ್ನು ಹಾಯ್ದು ಹೋಗುತ್ತದೆ. ಇದು ಸೆಕೆಂಡಿಗೆ ಸಾವಿರಾರು ಸಲ. ಕಣ್ಣಿಗೆ ಮಿನುಗು ಕಾಣುವುದೇ ಇಲ್ಲ, ಒಂದೇ ಸಮ ಉರಿದಂತೆ ತೋರುತ್ತದೆ. ಟ್ರಾನ್ಸಿಸ್ಟರನ್ನು ತೆರೆದು ಮುಚ್ಚುವುದಕ್ಕೆ ಕಾಯಿಲಿನ ಎರಡನೇ ಸುತ್ತು. ಹೈಡ್ರಾಮಿನ ನೀರೇ ವಾಲ್ವು ಮುಚ್ಚುವ ಹಾಗೆ, ಇಲ್ಲಿಯೂ ಬೇರೆ ಆಳು ಬೇಡ.

ಇಂಗ್ಲೆಂಡಿನಲ್ಲಿ ಹವ್ಯಾಸಿಗಳಿಗೆಂದೇ ಬರುತ್ತಿದ್ದ 'ಎವ್ರಿಡೇ ಪ್ರಾಕ್ಟಿಕಲ್ ಇಲೆಕ್ಟ್ರಾನಿಕ್ಸ್' ಎಂಬ ಮಾಸಿಕದ ಓದುಗರ ಪುಟದಲ್ಲಿ, 1999ರ ನವೆಂಬರಿನಲ್ಲಿ, ಜೆಡ್. ಕಪಾರ್ನಿಕ್ ಎಂಬವರು ಇದನ್ನು ಬರೆದರು. ಓದುಗನೇ ಬರೆದದ್ದು, ಗಮನಿಸಿ! ಆಮೇಲೆ ಸ್ಕಾಟ್ಲೆಂಡಿನ ಕ್ಲೈವ್ ಮಿಚೆಲ್ ಇದಕ್ಕೆ 'ಜೂಲ್ ಥೀಫ್' ಎಂದು ಹೆಸರಿಟ್ಟರು. ಜೂಲ್ ಎಂದರೆ ಶಕ್ತಿಯ ಅಳತೆ. 1967ರ ಹಿಂದಿ ಸಿನಿಮಾ 'ಜ್ಯುವೆಲ್ ಥೀಫ್' ನೆನಪಿದ್ದವರಿಗೆ ಜೋಕು ತಿಳಿದೀತು. ಸೆಲ್ಲಿನ ತಳದಲ್ಲಿ ಉಳಿದದ್ದನ್ನು ಕದಿಯುವ ಕಳ್ಳ.

ಬೇಕಾದದ್ದು ಗುಜರಿಯಲ್ಲೇ

ಸಾಮಾನು ನಾಲ್ಕೇ. ಒಂದು ಟ್ರಾನ್ಸಿಸ್ಟರು, ಒಂದು ರೆಸಿಸ್ಟರು, ಒಂದು ಬಿಳಿ ಎಲ್.ಇ.ಡಿ., ಒಂದು ಫೆರೈಟ್ ಬಳೆ. ಟ್ರಾನ್ಸಿಸ್ಟರು ಬಿ.ಸಿ. 547. ರೆಸಿಸ್ಟರು ಒಂದು ಸಾವಿರ ಓಮ್, ಮೈಮೇಲೆ ಕಂದು, ಕಪ್ಪು, ಕೆಂಪು ಪಟ್ಟಿ ಇರುವುದು. ಎರಡನ್ನೂ ಮಂಗಳೂರಿಗೆ ಹೋದಾಗ ತಂದೆ. ಎಲ್.ಇ.ಡಿ. ಕೊಳ್ಳಲಿಲ್ಲ. ಬ್ಯಾಟರಿ ಹಾಳಾಗಿ ಅಟ್ಟ ಸೇರಿದ ಒಂದು ಟಾರ್ಚಿನಲ್ಲಿ ಏಳು ಎಲ್.ಇ.ಡಿ. ಇತ್ತು, ಏಳೂ ಸರಿ ಇತ್ತು. ನಾವು ಟಾರ್ಚು ಹಾಳಾಯಿತು ಎಂದು ಎಸೆಯುವಾಗ ಹಾಳಾದದ್ದು ಹೆಚ್ಚಾಗಿ ಬ್ಯಾಟರಿ ಮಾತ್ರ.

ಫೆರೈಟ್ ಬಳೆ ಕೂಡಾ ಮನೆಯಲ್ಲೇ ಉಂಟು. ಉರಿಯದ ಸಿ.ಎಫ್.ಎಲ್. ಬಲ್ಬು ಯಾರ ಅಟ್ಟದಲ್ಲಿ ಇಲ್ಲ? ಅದರ ಬುಡದ ಬಿಳಿ ಪ್ಲಾಸ್ಟಿಕ್ಕಿನೊಳಗೆ ಒಂದು ಸಣ್ಣ ಬೋರ್ಡು. ಹೆಚ್ಚಿನವುಗಳಲ್ಲಿ ಅದರ ಮೇಲೆ ಉದ್ದಿನ ವಡೆಯ ಆಕಾರದ, ಚಿಕ್ಕ ಬೆರಳಿನ ಉಗುರಿನಷ್ಟಗಲದ ಕಪ್ಪು ಬಳೆ, ಅದಕ್ಕೆ ಮೂರು ತಂತಿ ಸುತ್ತಿರುತ್ತದೆ. ಆ ತಂತಿ ಬಿಡಿಸಿ ತೆಗೆದರೆ ನಮಗೆ ಬೇಕಾದ ಬಳೆ.

ಆದರೆ ಬಲ್ಬಿನ ಗಾಜು ಒಡೆಯಬಾರದು. ಒಳಗೆ ಪಾದರಸ ಉಂಟು. ಗಾಜನ್ನು ಬಟ್ಟೆಯಲ್ಲಿ ಸುತ್ತಿ, ಅದನ್ನು ಹಿಡಿಯದೆ, ಪ್ಲಾಸ್ಟಿಕ್ ಬುಡದ ಜೋಡಣೆಗೆ ಮಾತ್ರ ಸಪೂರ ಸ್ಕ್ರೂಡ್ರೈವರು ಹಾಕಿ ಬಿಡಿಸಿ. ಅಂಗಳದಲ್ಲಿ ಮಾಡಿ, ಮನೆಯೊಳಗೆ ಬೇಡ. ಹೋಲ್ಡರಿನಿಂದ ಈಗಷ್ಟೇ ತೆಗೆದ ಬಲ್ಬಾದರೆ ಒಂದೆರಡು ದಿನ ಬದಿಗಿಡಿ. ಒಳಗಿನ ಕೆಪಾಸಿಟರಿನಲ್ಲಿ ಉಳಿದ ಕರೆಂಟು ಶಾಕು ಹೊಡೆದೀತು. ಕೊರೆಯುವಾಗ ಗಾಜು ಅಲ್ಲಾಡಿದರೆ ಆ ಬಲ್ಬು ಬಿಟ್ಟುಬಿಡಿ. ಬಳೆ ಅಂಗಡಿಯಲ್ಲೂ ಸಿಗುತ್ತದೆ, ಹತ್ತು ರೂಪಾಯಿಗೆ ಹಟ ಬೇಡ.

ಮೊದಲ ಬಳೆಗೆ ನಮ್ಮ ಹಳೇ ಲ್ಯಾಂಡ್‌ಲೈನ್ ಫೋನಿನ ವಯರು ಸುತ್ತಲು ಹೋದೆ. ದಪ್ಪ ಹೆಚ್ಚಾಯಿತು. ಐದಾರು ಸುತ್ತಿಗೇ ತೂತು ಮುಚ್ಚಿತು. ಎರಡನೇ ಸಲ, ಪಂಪಿನ ಮೋಟಾರು ಕಟ್ಟಿಸುವ ವೈಂಡಿಂಗ್ ಅಂಗಡಿಯಲ್ಲಿ ಕೇಳಿದೆ. ನೆಲದಲ್ಲಿ ಬಿದ್ದಿದ್ದ ಸಪೂರದ ಎನಾಮಲ್ ತಂತಿಯ ತುಂಡುಗಳನ್ನು ಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ. 'ಇದ್ರಲ್ಲಿ ಎಂತ ಮೋಟಾರು ಕಟ್ತೀರಿ ಮಾರಾಯ್ರೇ?' ಎಂದು ನಗಾಡಿದರು.

ಸುತ್ತುವ, ಜೋಡಿಸುವ ಕ್ರಮ

ಸುಮಾರು ಒಂದೂವರೆ ಅಡಿಯ ಎರಡು ತಂತಿ ತೆಗೆದುಕೊಳ್ಳಿ. ಎರಡೂ ಒಂದೇ ಬಣ್ಣವಾದ ಕಾರಣ ಆಮೇಲೆ ಯಾವುದರ ಕೊನೆ ಯಾವುದು ಎಂದು ಗೊತ್ತಾಗದು. ಒಂದರ ಎರಡೂ ತುದಿಗೆ ಉಗುರು ಬಣ್ಣ ಹಚ್ಚಿ. (ಇದಕ್ಕೆ ಮನೆಯಾಕೆಯ ಅನುಮತಿ ಬೇಕು.) ಎರಡನ್ನೂ ಜೊತೆಗಿಟ್ಟು ಸಡಿಲವಾಗಿ ಹುರಿ ಹೊಸೆಯಿರಿ. ಈ ಹುರಿಯನ್ನು ಬಳೆಯ ತೂತಿನೊಳಗಿಂದ ತೂರಿ, ಹೊರಗೆ ತಂದು, ಪುನಃ ತೂರಿ, ಹೀಗೆ 15 ಸುತ್ತು. 20 ಹಿಡಿದರೆ ಇನ್ನೂ ಒಳ್ಳೆಯದು. ಲೆಕ್ಕ ಒಂದೆರಡು ತಪ್ಪಿದರೆ ಏನೂ ಆಗದು.

ಈಗ ಶುರುವಿನಲ್ಲಿ ಎರಡು ತುದಿ, ಕೊನೆಯಲ್ಲಿ ಎರಡು ತುದಿ. ಬ್ಲೇಡಿನಿಂದ ನಾಲ್ಕರ ಎನಾಮಲನ್ನೂ ಕೆರೆಯಿರಿ. ಉಗುರು ಬಣ್ಣದ ತಂತಿಯ ಶುರುವನ್ನೂ, ಬಣ್ಣವಿಲ್ಲದ್ದರ ಕೊನೆಯನ್ನೂ ಒಟ್ಟು ಸೇರಿಸಿ. ಇದು ಸೆಲ್ಲಿನ ಪ್ಲಸ್ಸಿಗೆ. ಉಳಿದ ಎರಡರಲ್ಲಿ ಒಂದು ರೆಸಿಸ್ಟರಿನ ಮೂಲಕ ಟ್ರಾನ್ಸಿಸ್ಟರಿನ ನಡುವಿನ ಕಾಲಿಗೆ. ಇನ್ನೊಂದು ನೇರವಾಗಿ ಟ್ರಾನ್ಸಿಸ್ಟರಿನ ಎಡಗಾಲಿಗೆ. ಎಡ ಎಂದರೆ, ಬಿ.ಸಿ. 547ರ ಚಪ್ಪಟೆ ಮುಖ ನಿಮ್ಮ ಕಡೆಗೆ, ಕಾಲುಗಳು ಕೆಳಗೆ ಇರುವಂತೆ ಹಿಡಿದಾಗ. ಬಲಗಾಲು ಸೆಲ್ಲಿನ ಮೈನಸ್ಸಿಗೆ. ಬೇರೆ ನಂಬರಿನ ಟ್ರಾನ್ಸಿಸ್ಟರಾದರೆ ಕಾಲಿನ ಕ್ರಮ ಬೇರೆ ಇದ್ದೀತು, ಅಂಗಡಿಯಲ್ಲಿ ಕೇಳಿಕೊಳ್ಳಿ. ಎಲ್.ಇ.ಡಿ.ಯ ಉದ್ದ ಕಾಲು ಟ್ರಾನ್ಸಿಸ್ಟರಿನ ಎಡಗಾಲಿಗೆ, ಗಿಡ್ಡ ಕಾಲು ಬಲಗಾಲಿಗೆ. ಹಳೇ ಟಾರ್ಚಿನಿಂದ ತೆಗೆದ ಎಲ್.ಇ.ಡಿ.ಯ ಕಾಲು ಕತ್ತರಿಸಿರುತ್ತದೆ. ಅಂಚು ಚಪ್ಪಟೆ ಇರುವ ಬದಿ ಗಿಡ್ಡ ಕಾಲಿನದ್ದು.

ನಾನು ಜೋಡಿಸಿದ್ದು ಮೊದಲ ಸಲ ಹೊತ್ತಲಿಲ್ಲ. ಒಂದು ಗಂಟೆ ತಲೆ ಕೆಡಿಸಿಕೊಂಡೆ. ಎರಡೂ ತಂತಿಯ ಶುರುವನ್ನೇ ಒಟ್ಟಿಗೆ ಕಟ್ಟಿದ್ದೆ. ಹಾಗೆ ಮಾಡಿದರೆ ಎರಡು ಸುತ್ತು ಸರಿಯಾಗಿ ಜೊತೆಗೂಡುವುದಿಲ್ಲ, ವಾಲ್ವು ತೆರೆದು ಮುಚ್ಚುವ ಕೆಲಸ ನಡೆಯುವುದೇ ಇಲ್ಲ. ತುದಿ ಅದಲು ಬದಲು ಮಾಡಿ ಗಡಿಯಾರದ ಸತ್ತ ಸೆಲ್ಲನ್ನು ಒತ್ತಿದೆ. ಪಕ್ಕನೆ ಬೆಳಗಿತು! ಅಡುಗೆ ಮನೆಯಿಂದ ಎಲ್ಲರನ್ನೂ ಕರೆದು ತೋರಿಸಿದೆ. ಅರುವತ್ತರ ಹತ್ತಿರದವನು ಇಷ್ಟು ಸಣ್ಣ ಬೆಳಕಿಗೆ ಇಷ್ಟು ದೊಡ್ಡ ಬೊಬ್ಬೆ ಹಾಕಿದ್ದು ಸ್ವಲ್ಪ ಜಾಸ್ತಿಯೇ ಆಯಿತು.

ಲ್ಯಾಟರಲ್ ಪೈಪಿನ ಟಾರ್ಚು

ಕಿಸೆಗೆ ಹಾಕಲು ಒಂದು ಕವಚ ಬೇಕಲ್ಲ. ಹನಿ ನೀರಾವರಿಯ 16 ಮಿ.ಮೀ. ಲ್ಯಾಟರಲ್ ತುಂಡು ನೋಡಿದೆ. ಪೆನ್ಸಿಲ್ ಸೆಲ್ಲು ಕೂದಲೆಳೆಯಷ್ಟರಲ್ಲಿ ಒಳಗೆ ಹೋಗಲಿಲ್ಲ. ರಿಮೋಟಿನ ಸಪೂರ ಸೆಲ್ಲು ಹೋಗುತ್ತದೆ, ಆದರೆ ಗಡಗಡ ಅಲ್ಲಾಡುತ್ತದೆ. 20 ಮಿ.ಮೀ. ಲ್ಯಾಟರಲ್ ಸರಿಯಾಯಿತು. ಗೇಣುದ್ದದ ತುಂಡಿನ ಒಂದು ತುದಿಯಲ್ಲಿ ಎಲ್.ಇ.ಡಿ., ಅದರ ಹಿಂದೆ ಟೇಪು ಸುತ್ತಿದ ಬಳೆ ಮತ್ತು ಟ್ರಾನ್ಸಿಸ್ಟರು, ಬೆಸುಗೆ ಹಾಕಿದ ಒಂದು ತಾಮ್ರದ ಬಿಲ್ಲೆ, ಅದಕ್ಕೆ ತಾಗುವಂತೆ ಸೆಲ್ಲು. ಇನ್ನೊಂದು ತುದಿಗೆ ಅಡಿಕೆ ಮರದ ಸಲಾಕೆಯಿಂದ ಕೆತ್ತಿದ ಬಿರಡೆ. ಬಿರಡೆಯ ಒಳಮುಖಕ್ಕೆ ಡ್ರಾಯಿಂಗ್ ಪಿನ್, ಅದಕ್ಕೆ ಮೈನಸ್ ವಯರು. ಬಿರಡೆಗೂ ಸೆಲ್ಲಿಗೂ ನಡುವೆ ಬಾಲ್‌ಪೆನ್ನಿನ ಸ್ಪ್ರಿಂಗಿನ ಎರಡು ಸುತ್ತು, ಸೆಲ್ಲಿನ ಅಂಚಿಗೆ ರಬ್ಬರು ವಾಶರು. ಹೆಬ್ಬೆರಳಿನಿಂದ ಬಿರಡೆ ಒತ್ತಿದರೆ ಬೆಳಕು, ಬಿಟ್ಟರೆ ಇಲ್ಲ. ಸ್ವಿಚ್ಚು ಬೇಡ, ಕಿಸೆಯಲ್ಲಿ ತಾನಾಗಿ ಉರಿದು ಮುಗಿಯುವ ಹೆದರಿಕೆಯೂ ಇಲ್ಲ. ಒಟ್ಟು ಖರ್ಚು 20 ರೂಪಾಯಿ ದಾಟಲಿಲ್ಲ, ಬಸ್ಸಿನದ್ದು ಬಿಟ್ಟು.

ಎಷ್ಟು ಬೆಳಕು? ಇದನ್ನು ನೇರ ಹೇಳಬೇಕು. ಇದು ತೋಟಕ್ಕೆ ಹೋಗುವ ಟಾರ್ಚು ಅಲ್ಲ. ಸಂಕದ ಆಚೆ ಕೊಳಕುಮಂಡಲ ಮಲಗಿದೆಯೋ ಎಂದು ಇದರಲ್ಲಿ ನೋಡಲು ಹೋಗಬೇಡಿ. ಅದಕ್ಕೆ ಒಳ್ಳೆಯ ಟಾರ್ಚೇ ಬೇಕು. ಬೀಗದ ತೂತು ಹುಡುಕಲು, ಫ್ಯೂಸು ನೋಡಲು, ಬೆಂಕಿಪೆಟ್ಟಿಗೆ ಎಲ್ಲಿದೆ ಎಂದು ತಡಕಾಡದಿರಲು, ಮಂಚದಿಂದ ಬಚ್ಚಲಿಗೆ ಹೋಗಲು ಧಾರಾಳ ಸಾಕು. 1.2 ವೋಲ್ಟಿನ ಸೆಲ್ಲಿನಲ್ಲಿ ಪುಸ್ತಕವನ್ನು ಹತ್ತಿರ ಹಿಡಿದು ಓದಿದೆ. 0.8ಕ್ಕೆ ಇಳಿದಾಗ ಹೊಸ್ತಿಲು ಕಾಣುತ್ತದೆ. 0.6ರಲ್ಲಿ ಮಿಣುಕು ಹುಳದಷ್ಟು. ಗಡಿಯಾರದ ಒಂದು ಸೆಲ್ಲನ್ನು ಪರೀಕ್ಷೆಗೆಂದು ಕಟ್ಟಿ ಇಟ್ಟುಬಿಟ್ಟೆ. ರಾತ್ರಿಯಿಡೀ ಉರಿಯಿತು, ಮರುದಿನ ಸಂಜೆಗೂ ಮಂಕಾಗಿ ಇತ್ತು. ಒತ್ತಿದಾಗ ಮಾತ್ರ ಉರಿಯುವ ಟಾರ್ಚಿನಲ್ಲಿ ಅಂಥದೊಂದು ಸೆಲ್ಲು ವಾರಗಟ್ಟಲೆ ಬಂತು. ಒಳ್ಳೆಯದೆಂದರೆ ಇದು ಫಕ್ಕನೆ ಆರುವುದಿಲ್ಲ. ಹಳೇ ಟಾರ್ಚಿನ ಹಾಗೆ ಮಂಕಾಗುತ್ತಾ ಹೋಗಿ ಹೇಳಿಯೇ ಹೋಗುತ್ತದೆ. ನನಗೆ ಬೇಕಾದದ್ದು ಅದೇ.

ದೋಷವೂ ಉಂಟು. ಹೈಡ್ರಾಮಿನಂತೆಯೇ ಇಲ್ಲಿಯೂ ಒಂದು ಪಾಲು ವ್ಯರ್ಥ. ಕಾಯಿಲು, ಟ್ರಾನ್ಸಿಸ್ಟರು ತಮ್ಮ ಪಾಲು ತಿನ್ನುತ್ತವೆ. ಮೀಡಿಯಂ ವೇವ್ ರೇಡಿಯೋ ಹತ್ತಿರ ಒತ್ತಿದರೆ ವಾರ್ತೆಯ ನಡುವೆ ಕುಯ್ಯೋ ಎನ್ನುತ್ತದೆ. ಪೂರ್ತಿ ಖಾಲಿಯಾದ ಸೆಲ್ಲನ್ನು ಒಳಗೇ ಬಿಟ್ಟರೆ ಒಸರಿ ಬಿಲ್ಲೆ, ಪಿನ್ನು ಎಲ್ಲ ಹಸಿರು ಹಿಡಿಯುತ್ತದೆ. ನನ್ನ ಎರಡನೇ ಟಾರ್ಚು ಹಾಳಾದದ್ದು ಹಾಗೆಯೇ. ಇನ್ನೊಂದು ಮಾತು. ರೀಚಾರ್ಜ್ ಮಾಡುವ ಸೆಲ್ಲನ್ನು ಇದಕ್ಕೆ ಹಾಕಬೇಡಿ. ಈ ಕಳ್ಳ ತಳ ಕೆರೆದು ಹೀರುತ್ತಾನೆ, ಅಷ್ಟು ಇಳಿಸಿದರೆ ಆ ಸೆಲ್ಲು ಕೆಡುತ್ತದೆ. ಹಳೇ ಮೊಬೈಲಿನ ಬ್ಯಾಟರಿ ಅಂತೂ ಬೇಡವೇ ಬೇಡ, ಅದರ ವೋಲ್ಟೇಜು ಬೇರೆ.

ಹೀರಿ ಮುಗಿದ ಸೆಲ್ಲು ಎಲ್ಲಿಗೆ? 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಸಣ್ಣ ಸೆಲ್ಲನ್ನೂ ವಾಪಸು ತೆಗೆದುಕೊಳ್ಳುವ ಹೊಣೆ ತಯಾರಕರದ್ದು. ನಾನು ಸೆಲ್ಲು ಕೊಳ್ಳುವ ಅಂಗಡಿಯಲ್ಲಿ ಕೇಳಿದಾಗ 'ಹಾಗೆಂತದೂ ಇಲ್ಲಿಗೆ ಬರ್ಲಿಲ್ಲ' ಎಂದರು. ಆದ್ದರಿಂದ ಖಾಲಿಗಳು ಇನ್ನೂ ಬೇರೊಂದು ಭರಣಿಯಲ್ಲಿ ಕಾಯುತ್ತಿವೆ. ಒಲೆಗೆ ಹಾಕುವುದು, ತೆಂಗಿನ ಬುಡಕ್ಕೆ ಎಸೆಯುವುದು ಎರಡೂ ತಪ್ಪು. ಪೇಟೆಯ ಇ-ತ್ಯಾಜ್ಯದವರಿಗೆ ಒಮ್ಮೆ ಒಟ್ಟಿಗೆ ಕೊಟ್ಟು ಬರುವ ಅಂದಾಜು ಉಂಟು.

ಅಮ್ಮನ ಪ್ಲಾಸ್ಟರು ತೆಗೆದ ದಿನ ಮೊದಲ ಟಾರ್ಚು ಕೊಟ್ಟೆ. ಎಡಗೈಯಲ್ಲಿ ಒತ್ತಿ ನೋಡಿದರು. 'ಬೆಳಕು ಸಾಕು ಮಗಾ, ಬಿರಡೆ ಗಟ್ಟಿಯಾಯ್ತು' ಎಂದರು. ಸ್ಪ್ರಿಂಗಿನ ಒಂದು ಸುತ್ತು ಕತ್ತರಿಸಿ ಸಡಿಲ ಮಾಡಿದೆ. ಕೈತಪ್ಪಿ ಬಿದ್ದರೆ ಹುಡುಕುವುದು ಹೇಗೆ ಎಂದು ಕೇಳಿದರು. ತುದಿಗೆ ತೂತು ಕೊರೆದು ಹುರಿ ಕಟ್ಟಿ ಮಂಚದ ಕಾಲಿಗೆ ನೇತುಹಾಕಿದೆ. ಅದಕ್ಕೂ ಒಪ್ಪಲಿಲ್ಲ. 'ಮಂಚದ ಕಾಲಿಗೆ ಕಟ್ಟಿದ್ರೆ ಬಚ್ಚಲಿಗೆ ಹೋಗುವುದು ಮಂಚವಾ ನಾನಾ?' ಈಗ ಹುರಿ ಉದ್ದ ಮಾಡಿ ಬಳೆಯಂತೆ ಕೈಗೆ ಹಾಕಿಕೊಂಡು ಮಲಗುತ್ತಾರೆ.

ಇದುವರೆಗೆ ಒಂಬತ್ತು ಟಾರ್ಚು ಮಾಡಿದೆ. ನಾಲ್ಕು ನೆಂಟರ ಮನೆಗೆ ಹೋಯಿತು. ಡಬ್ಬಿಯ ಸೆಲ್ಲು ಮುಗಿಯುತ್ತಾ ಬಂದಿತ್ತು. ಮೊನ್ನೆ ಹಾಲು ಡೈರಿಯಲ್ಲಿ ಸಿಕ್ಕಿದ ನೆರೆಯವರು ಒಂದು ಪ್ಲಾಸ್ಟಿಕ್ ತೊಟ್ಟೆ ಕೈಗಿಟ್ಟರು. ಒಳಗೆ ಹದಿನಾಲ್ಕು ಸೆಲ್ಲು.

'ಸತ್ತದ್ದೇ, ನೋಡಿ' ಎಂದರು. ಮನೆಗೆ ಬಂದು ಮೀಟರು ಹಿಡಿದೆ. ಹನ್ನೊಂದರಲ್ಲಿ ಜೀವ ಇತ್ತು.